ಶೇಂಗಾ ಬಳ್ಳಿ ಜಾಸ್ತಿ ಹಬ್ಬಿದರೆ ಔಷಧಿ ಹೊಡೆಯುವ ಮುಂಚೆ

ಅಣ್ಣಾರೆ, ಶಹಾಪುರ, ಸುರಪುರ ಕಡೆ ಕಾಲುವೆ ನೀರಿನ ಶೇಂಗಾ ಈಗ ಸಾಲು ಕಾಣದಂತೆ ಹಬ್ಬಿದೆ, ಬೆಳವಣಿಗೆ ತಡೆಯುವ ಔಷಧಿ ಹೊಡೆಯೋಣವಾ ಅಂತ ಸುಮಾರು ಜನ ಕೇಳ್ತಿದ್ದೀರಿ. ಅದು ಗಿಡದೊಳಗೆ ಜಿಬ್ಬರೆಲಿನ್ ಅನ್ನೋ, ಗಿಡವನ್ನು ಉದ್ದಕ್ಕೆ ಬೆಳೆಸುವ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ, ಗೆಣ್ಣಿನ ನಡುವಿನ ಅಂತರ ಗಿಡ್ಡವಾಗುತ್ತದೆ, ಅಷ್ಟೇ. ಕಾಯಿ ತಾನಾಗಿ ಹೆಚ್ಚುತ್ತದೆ ಅಂದುಕೊಳ್ಳಬೇಡಿ.

ಅಮೆರಿಕದಲ್ಲಿ ಪ್ರೊಹೆಕ್ಸಾಡಿಯೋನ್ ಕ್ಯಾಲ್ಸಿಯಂ ಅನ್ನೋ ಇಂಥದೇ ಔಷಧಿ ಹೊಡೆಯುವವರು ಅಕ್ಕಪಕ್ಕದ ಸಾಲಿನ ಬಳ್ಳಿಗಳಲ್ಲಿ ಅರ್ಧದಷ್ಟು ಒಂದಕ್ಕೊಂದು ತಾಗುವವರೆಗೆ ಕಾಯುತ್ತಾರೆ, 2-3 ವಾರ ಬಿಟ್ಟು ಇನ್ನೊಮ್ಮೆ. ಅಲ್ಲಿನದು ನೆಲಕ್ಕೆ ಹಬ್ಬುವ ತಳಿ, ಯಂತ್ರದಿಂದ ಕೀಳುವುದರಿಂದ ಸಾಲು ಕಾಣಬೇಕು. ನಮ್ಮಲ್ಲಿ ಹೆಚ್ಚಾಗಿ ನೆಟ್ಟಗೆ ನಿಲ್ಲುವ ಗೊಂಚಲು ತಳಿ, ಅವರ ಲೆಕ್ಕ ನೇರವಾಗಿ ಕೂರಲ್ಲ, ಅಲ್ವಾ?

ಮೊದಲು ಬಳ್ಳಿ ಎತ್ತಿ ನೋಡಿ. ಹೂವಿನಿಂದ ಇಳಿದ ಸೂಜಿ ಮಣ್ಣು ಮುಟ್ಟದೆ ಗಾಳಿಯಲ್ಲೇ ತೂಗ್ತಿದ್ದರೆ ಮಣ್ಣು ಏರಿಸುವುದು ಮೇಲು, ಆದರೆ ಸೂಜಿ ಒಳಗಿಳಿದ ಮೇಲೆ ಕುಂಟೆ ಹೊಡೆಯಬೇಡಿ. ಯೂರಿಯಾ ನಿಲ್ಲಿಸಿ, ಹೂ ಬಿಡುವಾಗ ಜಿಪ್ಸಂ ಕೊಡಿ.

ನೀರಿಲ್ಲದೆ ಬಾಡಿದ ಬೆಳೆಗೆ ಮಾತ್ರ ಹೊಡೆಯಲೇಬೇಡಿ. ಪ್ಯಾಕ್ಲೋಬ್ಯುಟ್ರಜೋಲ್ ಅನ್ನೋ ಇನ್ನೊಂದು ಬೆಳವಣಿಗೆ ತಡೆಯುವ ಔಷಧಿ ಮಣ್ಣಲ್ಲಿ ಬಹಳ ದಿನ ಉಳಿಯುತ್ತದೆ, ಮುಂದಿನ ಬೆಳೆಗೂ ತಾಗಬಹುದು. ಡಬ್ಬಿಯ ಮೇಲೆ ಶೇಂಗಾ ಹೆಸರಿಲ್ಲದಿದ್ದರೆ ಅಂಗಡಿಯವರ ಮಾತಿಗೆ ಸುಮ್ನೆ ತಲೆ ಆಡಿಸಬೇಡಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹೊಡೆದರೂ ನಾಲ್ಕು ಸಾಲು ಹಾಗೇ ಬಿಡಿ, ಕೀಳುವಾಗ ಕಾಯಿ ತೂಗಿ ನೋಡಬಹುದು.