ಇಬ್ಬರು ಗಂಡಸರ ಪ್ರೀತಿ, ಒಂದು ಕೊಲೆ ಕೇಸು: ಕ್ರೈಮ್ ಸೀರೀಸ್ ಬರೆದ ನನ್ನ ಅನುಭವ

ಟಿವಿಗೆ ಒಂದು ಕ್ರೈಮ್ ಡ್ರಾಮಾ ಬರೆಯಲು ಕೂತಾಗ ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಕಥೆಯಿಂದ ಇಬ್ಬರು ಗಂಡಸರ ಪ್ರೀತಿಯನ್ನು ಪೂರ್ತಿ ಕಿತ್ತುಹಾಕಿ ನೋಡಬೇಕು. ಆಗಲೂ ಕೊಲೆಗಾರ ಸಿಕ್ಕಿಬೀಳುತ್ತಾನಾ? ಬೀಳುತ್ತಾನೆ ಅಂದರೆ ಆ ಪ್ರೀತಿ ಸಾರಿಗೆ ಉದುರಿಸಿದ ಕೊತ್ತಂಬರಿ ಅಷ್ಟೇ. ಎಷ್ಟೋ ಸೀರೀಸ್‌ಗಳಲ್ಲಿ ಪತ್ತೇದಾರ ಗೇ ಆಗಿರುತ್ತಾನೆ, ಮನೆಗೆ ಹೋದರೆ ಸಂಗಾತಿ ಇರುತ್ತಾನೆ, ಮಾರನೇ ದಿನ ಬಂದು ಕೇಸ್ ಮುಂದುವರಿಸುತ್ತಾನೆ. ತಪ್ಪೇನಿಲ್ಲ. ಆದರೆ ನನಗೆ ಕೇಸು ಮತ್ತು ಪ್ರೀತಿ ಒಂದೇ ಗಂಟಾಗಬೇಕಿತ್ತು, ಒಂದನ್ನು ಬಿಚ್ಚಿದರೆ ಇನ್ನೊಂದೂ ಬಿಚ್ಚಿಕೊಳ್ಳುವ ಹಾಗೆ.

ಮೊದಲು ತಲೆಗೆ ಬಂದದ್ದು ಬ್ಲ್ಯಾಕ್‌ಮೇಲ್. ಎಲ್ಲರಿಗೂ ಅದೇ ಬರುತ್ತದೆ. ಬ್ರಿಟನ್‌ನಲ್ಲಿ ಗಂಡಸರ ನಡುವಿನ ಯಾವುದೇ ಲೈಂಗಿಕ ಸಂಬಂಧವನ್ನೂ ಅಪರಾಧ ಮಾಡಿದ 1885ರ ಕಾಯ್ದೆಗೆ ಜನ ಬ್ಲ್ಯಾಕ್‌ಮೇಲ್ ಮಾಡುವವರಿಗೆ ಕೊಟ್ಟ ಪರವಾನಗಿ ಅಂತಲೇ ಅಡ್ಡಹೆಸರಿಟ್ಟಿದ್ದರು. 1961ರಲ್ಲಿ ಬಂದ 'ವಿಕ್ಟಿಮ್' ಸಿನಿಮಾದ ಕಥೆ ನಿಂತಿದ್ದೇ ಅದರ ಮೇಲೆ, ಇಂಗ್ಲೆಂಡಿನಲ್ಲಿ ಕಾನೂನು ಬದಲಾಗಿದ್ದು 1967ರಲ್ಲಿ. ಆ ದಾರಿ ಆಗ ಬೇಕಿತ್ತು. ಈಗ ಅದನ್ನೇ ಹಿಡಿದರೆ ಪ್ರೀತಿ ಅನ್ನುವುದು ಮತ್ತೆ ಮುಚ್ಚಿಡಬೇಕಾದ ನಾಚಿಕೆಯ ವಿಷಯ ಆಗಿ ಉಳಿಯುತ್ತದೆ. ನನಗೆ ಬೇಕಾಗಿದ್ದು ಬೇರೆ. ಅವರ ಪ್ರೀತಿಯೇ ಕೇಸಿನಲ್ಲಿ ಸಾಕ್ಷ್ಯ ಆಗಬೇಕು.

ಹಾಗಾಗಿ ಕಥೆ ಹೀಗೆ ಕಟ್ಟಿದೆ. ಮನೆ ಮಾಲೀಕನ ಕೊಲೆಯಾಗುತ್ತದೆ. ಮಹಡಿಯಲ್ಲಿ ಬಾಡಿಗೆಗಿದ್ದ ಸಂಗೀತದ ಮೇಷ್ಟ್ರ ಮೇಲೆ ಅನುಮಾನ, ಯಾಕಂದರೆ ಹಿಂದಿನ ದಿನವಷ್ಟೇ ಇಬ್ಬರಿಗೂ ಜೋರು ಜಗಳ ಆಗಿದೆ. ಕೇಸ್ ಬರುವುದು ಒಬ್ಬ ಇನ್ಸ್‌ಪೆಕ್ಟರ್ ಕೈಗೆ. ಆ ರಾತ್ರಿ ಮೇಷ್ಟ್ರು ಇದ್ದದ್ದು ಅದೇ ಇನ್ಸ್‌ಪೆಕ್ಟರ್ ಮನೆಯಲ್ಲಿ. ಅಂದರೆ ಆರೋಪಿ ನಿರಪರಾಧಿ ಅಂತ ತನಿಖಾಧಿಕಾರಿಗೆ ಮೊದಲ ನಿಮಿಷದಿಂದಲೇ ಗೊತ್ತು. ಹೇಗೆ ಗೊತ್ತು ಅಂತ ಮಾತ್ರ ಫೈಲಿನಲ್ಲಿ ಬರೆಯುವ ಹಾಗಿಲ್ಲ.

ನಾರ್ವೆಯ 'ಓಯೆವಿಟ್ನೆ' (2014) ಅನ್ನುವ ಸೀರೀಸ್ ನನ್ನ ಕಥೆಗೆ ದೂರದ ನೆಂಟ ಅನ್ನಬಹುದು. ಅದರಲ್ಲಿ ಗುಟ್ಟಾಗಿ ಭೇಟಿಯಾಗುವ ಇಬ್ಬರು ಹುಡುಗರ ಕಣ್ಣೆದುರೇ ಕೊಲೆಗಳು ನಡೆಯುತ್ತವೆ. ಅಲ್ಲಿ ಯಾಕೆ ಹೋಗಿದ್ದಿರಿ ಅನ್ನುವ ಪ್ರಶ್ನೆ ಬರುತ್ತದಲ್ಲ, ಅದಕ್ಕೇ ಅವರು ಬಾಯಿ ಬಿಡಲಾರರು. ಅಲ್ಲಿ ಸಾಕ್ಷಿಗಳು ಪೊಲೀಸರಿಗೆ ಹೆದರುತ್ತಾರೆ, ನನ್ನ ಕಥೆಯಲ್ಲಿ ಪೊಲೀಸೇ ಸಾಕ್ಷಿ.

ಇದನ್ನು ನಂಬುವ ಹಾಗೆ ಮಾಡಲು ಪೋಸ್ಟ್‌ಮಾರ್ಟಂ ಬಗ್ಗೆ ಓದಬೇಕಾಯಿತು, ಪರಿಚಯದ ವೈದ್ಯರನ್ನು ಕೇಳಬೇಕಾಯಿತು. ಟಿವಿಯಲ್ಲಿ ಡಾಕ್ಟರ್ ಹೆಣ ನೋಡಿದ ಕೂಡಲೇ ಸಾವು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಅಂದುಬಿಡುತ್ತಾರೆ. ನಿಜದಲ್ಲಿ ಹಾಗೆ ಹೇಳಲು ಆಗುವುದಿಲ್ಲ. ಹೆಣ ಸೆಟೆದುಕೊಳ್ಳುವುದು ಸಾಮಾನ್ಯವಾಗಿ 2ರಿಂದ 4 ಗಂಟೆಯೊಳಗೆ ದವಡೆ, ಕುತ್ತಿಗೆಯ ಕಡೆ ಶುರುವಾಗಿ ಸುಮಾರು 12 ಗಂಟೆಗೆ ಮೈಯೆಲ್ಲ ಬಿಗಿಯುತ್ತದೆ, ಆಮೇಲೆ ನಿಧಾನವಾಗಿ ಸಡಿಲ ಆಗುತ್ತದೆ. ಸೆಕೆ ಜಾಸ್ತಿ ಇದ್ದರೆ ಇದೆಲ್ಲ ಬೇಗ, ತಂಪಿದ್ದರೆ ತಡ. ಹಾಗಾಗಿ ವೈದ್ಯರು ಕೊಡುವುದು ಇಷ್ಟರಿಂದ ಇಷ್ಟರೊಳಗೆ ಅನ್ನುವ ಲೆಕ್ಕ. ಮೊದಲು ಇದು ತಲೆನೋವು ಅನ್ನಿಸಿತು, ಆಮೇಲೆ ಇದರಿಂದಲೇ ಕಥೆಗೆ ಬಲ ಬಂತು. ನನ್ನ ವೈದ್ಯೆ ರಾತ್ರಿ 9ರಿಂದ 1 ಅನ್ನುತ್ತಾಳೆ. ಆ ನಾಲ್ಕು ಗಂಟೆ ಹೊತ್ತು ಎಲ್ಲಿದ್ದಿರಿ ಅಂತ ಕೇಳಿದರೆ ಸ್ನೇಹಿತನ ಮನೆಗೆ ಕಾಫಿಗೆ ಹೋಗಿದ್ದೆ ಅಂದು ತಪ್ಪಿಸಿಕೊಳ್ಳಲು ಆಗಲ್ಲ, ಅಲ್ವಾ?

ಮೊಬೈಲ್ ಟವರ್‌ನಿಂದಲೂ ಮೇಷ್ಟ್ರಿಗೆ ಸಹಾಯ ಸಿಗುವುದಿಲ್ಲ. ಫೋನ್ ಯಾವ ಟವರ್ ವ್ಯಾಪ್ತಿಯಲ್ಲಿತ್ತು ಅನ್ನುವಷ್ಟನ್ನು ಅದು ಹೇಳುತ್ತದೆ, ಯಾರ ಮನೆಯಲ್ಲಿತ್ತು ಅಂತ ಹೇಳುವುದಿಲ್ಲ.

ಇಡೀ ಸ್ಕ್ರಿಪ್ಟಿನಲ್ಲಿ ನಾನು ಹೆಚ್ಚು ತಿದ್ದಿದ್ದು ಸಿಸಿಟಿವಿ ಸೀನ್. ಬೀದಿ ಬದಿಯ ಅಂಗಡಿಯ ಕ್ಯಾಮೆರಾ. ಕಾನ್‌ಸ್ಟೇಬಲ್ ಮೌಸ್ ಹಿಡಿದು ಕೂತಿದ್ದಾನೆ, ಇನ್ಸ್‌ಪೆಕ್ಟರ್ ಅವನ ಹಿಂದೆ ನಿಂತಿದ್ದಾನೆ. ಪರದೆಯ ಮೂಲೆಯಲ್ಲಿ 9:10. ಮೇಷ್ಟ್ರು ಗೇಟು ದಾಟಿ ಬರುತ್ತಾರೆ, ಒಂದು ಕಾರು ಬಂದು ನಿಲ್ಲುತ್ತದೆ, ಹತ್ತಿ ಹೋಗುತ್ತಾರೆ. ಆ ಕಾರು ಇನ್ಸ್‌ಪೆಕ್ಟರ್‌ದು. ಕಾನ್‌ಸ್ಟೇಬಲ್ ನಂಬರ್ ಪ್ಲೇಟನ್ನು ದೊಡ್ಡದು ಮಾಡುತ್ತಾ ಹೋಗುತ್ತಾನೆ, ಅಕ್ಷರಗಳು ಒಡೆದು ಬರೀ ಚೌಕ ಚೌಕ ಆಗುತ್ತವೆ. "ಸರಿಯಾಗಿ ಕಾಣ್ತಿಲ್ಲ ಸಾರ್, ಲ್ಯಾಬಿಗೆ ಕಳಿಸೋಣ್ವಾ?" ಮೊದಲು ಇಲ್ಲಿ ಇನ್ಸ್‌ಪೆಕ್ಟರ್‌ಗೆ ಉದ್ದದ ಮಾತು ಬರೆದಿದ್ದೆ. ಕಡೆಗೆ ಉಳಿದದ್ದು "ಕಳಿಸು" ಅನ್ನುವ ಒಂದೇ ಮಾತು.

ಆದರೆ ಆ ಸೀನಿನಲ್ಲಿ ಇನ್ನೊಂದು ವಿಷಯ ಅಡಗಿದೆ. ಕ್ಯಾಮೆರಾ ಗಡಿಯಾರ 20 ನಿಮಿಷ ಹಿಂದಿದೆ. ಸಿಸಿಟಿವಿಯ ಟೈಮ್ ತಪ್ಪಿರುವುದು ಬಹಳ ಸಾಮಾನ್ಯ. ಅದಕ್ಕೇ ದೃಶ್ಯ ವಶಕ್ಕೆ ತೆಗೆದುಕೊಳ್ಳುವಾಗ ನಿಜವಾದ ಸಮಯಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ಬರೆದಿಟ್ಟುಕೊಳ್ಳಬೇಕು. ನನ್ನ ಕಥೆಯಲ್ಲಿ ಯಾರೂ ಬರೆದಿಲ್ಲ, ಅಂಗಡಿಯವನು ಆಮೇಲೆ ಗಡಿಯಾರ ಸರಿ ಮಾಡಿಬಿಟ್ಟಿದ್ದಾನೆ. ಅದೇ ದೃಶ್ಯದಲ್ಲಿ ಸತ್ತವನ ಅಣ್ಣನ ಮಗ 9:35ಕ್ಕೆ ಮನೆಯಿಂದ ಹೊರಡುವುದು ಕಾಣುತ್ತದೆ. ಸತ್ತವನು 9:45ರವರೆಗೆ ಫೋನಿನಲ್ಲಿ ಮಾತಾಡಿದ ದಾಖಲೆ ಇದೆ. ಹಾಗಾಗಿ ಅಣ್ಣನ ಮಗ ಬಚಾವ್. ಆದರೆ ಗಡಿಯಾರ ಹಿಂದಿತ್ತು ಅಂದರೆ ಅವನು ಹೊರಟಿದ್ದು 9:55ಕ್ಕೆ!

ಇದನ್ನು ತೋರಿಸಿಕೊಡಲು ಒಂದೇ ಒಂದು ದಾಖಲೆ ಇದೆ. ಇನ್ಸ್‌ಪೆಕ್ಟರ್ ಕಾರು ನಿಲ್ಲಿಸಿ ಮೇಷ್ಟ್ರಿಗೆ ಕಳಿಸಿದ ಮೆಸೇಜ್: "ಕೆಳಗಿದ್ದೀನಿ ಕಣೋ, ಬಾ." ಫೋನಿನಲ್ಲಿ ಅದರ ಸಮಯ 9:30. ಕೊಲೆಗಾರನನ್ನು ಹಿಡಿಯಬೇಕಾದರೆ ಆ ಮೆಸೇಜನ್ನು ಕೋರ್ಟಿನಲ್ಲಿ ಎಲ್ಲರೆದುರು ಓದಬೇಕು. ಇದು ಹೊಳೆದ ಮೇಲೆ ನನಗೆ ಧೈರ್ಯ ಬಂತು, ಯಾಕಂದರೆ ಪ್ರೀತಿಯನ್ನು ಕಿತ್ತುಹಾಕಿದರೆ ಈಗ ಕೇಸೇ ಬಿದ್ದುಹೋಗುತ್ತದೆ.

ಮಾತುಗಳಲ್ಲಿ ಜಾಸ್ತಿ ಕೆಲಸ ಇರಲಿಲ್ಲ. ಒಂದು ಜಾಗ ಮಾತ್ರ ನನಗೆ ಇಷ್ಟ. ವಿಚಾರಣೆಗೆ ಬಂದವರನ್ನೆಲ್ಲ ಏಕವಚನದಲ್ಲಿ ಗದರಿಸುವ ಇನ್ಸ್‌ಪೆಕ್ಟರ್ ಮೇಷ್ಟ್ರಿಗೆ ಮಾತ್ರ "ಕೂತ್ಕೊಳ್ಳಿ" ಅಂತಾನೆ. ದೂರ ತೋರಿಸಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾನೆ. ಕಾನ್‌ಸ್ಟೇಬಲ್ ಸುಮ್ನೆ ಒಮ್ಮೆ ತಲೆ ಎತ್ತಿ ನೋಡುತ್ತಾನೆ.

ಮೈ ಮುಟ್ಟುವ ದೃಶ್ಯಗಳು ಕಡಿಮೆ, ಆದರೆ ಇವೆ. ಅವನ್ನು ನಟರ ಮೇಲೆ ಬಿಡಲಿಲ್ಲ. ಇಂಟಿಮಸಿ ಕೋಆರ್ಡಿನೇಟರ್ ಇರಲಿ ಅಂತ ಕೇಳಿದೆ. 2018ರ ಹೊತ್ತಿಗೆ ಎಚ್‌ಬಿಒದಂಥ ದೊಡ್ಡ ಚಾನೆಲ್ ಶುರುಮಾಡಿದ ಮೇಲೆ ಹರಡಿದ ಪದ್ಧತಿ ಇದು. ಕೈ ಎಲ್ಲಿ ಇಡಬೇಕು, ಎಲ್ಲಿ ನಿಲ್ಲಿಸಬೇಕು, ಸೆಟ್ಟಿನಲ್ಲಿ ಯಾರಿರಬೇಕು ಎಲ್ಲ ಮೊದಲೇ ಮಾತಾಗಿರುತ್ತದೆ. ಹೊಡೆದಾಟಕ್ಕೆ ಫೈಟ್ ಮಾಸ್ಟರ್ ಬೇಕು ಅನ್ನುವವರು ಇದಕ್ಕೆ ಯಾಕೆ ಮೂಗು ಮುರಿಯುತ್ತಾರೋ!

ದೊಡ್ಡ ಜಗಳ ಆಗಿದ್ದು ಕೊನೆಯ ಎಪಿಸೋಡ್ ಬಗ್ಗೆ. ಇಬ್ಬರಲ್ಲಿ ಒಬ್ಬ ಸತ್ತರೆ ನೋಡುವವರು ಚೆನ್ನಾಗಿ ಅಳುತ್ತಾರೆ ಅಂತ ಸಲಹೆ ಬಂತು. ಕ್ರೈಮ್ ಸೀರೀಸ್‌ಗಳಿಗೆ ಇದು ಹಳೇ ಚಟ. 'ದಿ ವೈರ್' (2002) ಮೊದಲ ಸೀಸನ್‌ನಲ್ಲಿ ಓಮರ್ ಅನ್ನುವ ಗೇ ದರೋಡೆಕೋರನ ಪ್ರೇಮಿಯನ್ನು ಕೊಲ್ಲುತ್ತಾರೆ, 'ಲಂಡನ್ ಸ್ಪೈ' (2015) ಕಥೆ ಬೆಳೆಯುವುದೇ ಪ್ರೇಮಿಯ ಹೆಣ ಸಿಕ್ಕ ಮೇಲೆ. ಎರಡೂ ಒಳ್ಳೆಯ ಸೀರೀಸ್‌ಗಳೇ. ಆದರೆ ಎಲ್ಲರೂ ಸಾಯಿಸುತ್ತಾ ಹೋದರೆ ಗೇ ಪಾತ್ರ ಬಂದ ಕೂಡಲೇ ಇವನ ಕಥೆ ಮುಗೀತು ಅಂತ ಪ್ರೇಕ್ಷಕರಿಗೆ ಗೊತ್ತಾಗಿಬಿಡುತ್ತದೆ, ಸಸ್ಪೆನ್ಸ್ ಎಲ್ಲಿ ಉಳಿಯಿತು? ನಾನು ನ್ಯಾಯ ಅನ್ಯಾಯದ ಮಾತು ತೆಗೆಯಲಿಲ್ಲ. ಮೆಸೇಜ್ ಕಳಿಸಿದವನೂ ಓದಿದವನೂ ಕೋರ್ಟಿಗೆ ಬರಬೇಕು, ಒಬ್ಬ ಸತ್ತರೆ ಕ್ಲೈಮ್ಯಾಕ್ಸೇ ಇಲ್ಲ ಅಂದೆ. ಒಪ್ಪಿದರು.

ಪಾಟೀಸವಾಲಿನ ಸೀನಿನಲ್ಲಿ ಕೊಲೆಗಾರನ ವಕೀಲ ಕೇಳುತ್ತಾನೆ: "ಮೇಷ್ಟ್ರು ನಿಮ್ಮ ಮನೆಯಲ್ಲೇ ಇದ್ರು ಅಂತ ಗೊತ್ತಿದ್ದೂ ಇಷ್ಟು ದಿನ ತನಿಖೆ ಮಾಡಿದ್ರಿ. ನೀವು ಕಲೆಹಾಕಿದ ಸಾಕ್ಷ್ಯ ನಾವು ಯಾಕೆ ನಂಬಬೇಕು?" ಅವನು ಕೇಳುವುದು ಸರಿಯಾಗಿಯೇ ಇದೆ. ಮೊದಲ ದಿನವೇ ಕೇಸ್ ಬೇರೆಯವರಿಗೆ ಕೊಡಿ ಅನ್ನಬೇಕಿತ್ತು ಇನ್ಸ್‌ಪೆಕ್ಟರ್. ಪ್ರೀತಿ ಇದೆ ಅಂತ ಅವನನ್ನು ಸಂತ ಮಾಡಲು ನನಗೆ ಮನಸ್ಸಿರಲಿಲ್ಲ. ಅಣ್ಣನ ಮಗನಿಗೆ ಶಿಕ್ಷೆ ಆಗುತ್ತದೆ, ಅವನ ವಕೀಲ ಇದೇ ಪಾಯಿಂಟ್ ಹಿಡಿದು ಮೇಲ್ಮನವಿ ಹಾಕುತ್ತಾನೆ, ಇನ್ಸ್‌ಪೆಕ್ಟರ್‌ಗೆ ಸಸ್ಪೆನ್ಷನ್ ಆರ್ಡರ್ ಬರುತ್ತದೆ. ಎರಡನೇ ಸೀಸನ್‌ಗೆ ಒಪ್ಪಿಗೆ ಸಿಕ್ಕರೆ ಇಲಾಖಾ ವಿಚಾರಣೆಯಿಂದ ಶುರು ಮಾಡುತ್ತೇನೆ. ಅಲ್ಲಿ ಪ್ರಶ್ನೆ ಕೇಳುವವನು ಆ ಕಾನ್‌ಸ್ಟೇಬಲ್ ಕಡೆ ತಿರುಗಿ, ನಿನಗೆ ಯಾವಾಗ ಗೊತ್ತಾಯಿತು ಅಂತ ಕೇಳುವ ಸೀನ್ ಈಗಾಗಲೇ ಬರೆದಿಟ್ಟಿದ್ದೇನೆ.