ಡೆಬಿಟ್ ಕಾರ್ಡಿನಲ್ಲಿ ಗೊತ್ತಿಲ್ಲದ ಖರ್ಚು ಕಂಡರೆ: ಹಾಸನ, ಚಿಕ್ಕಮಗಳೂರು ಕಡೆಯಿಂದ ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಮೊದಲು ಬ್ಯಾಂಕಿನ ಆ್ಯಪ್ ತೆಗೆದು ಕಾರ್ಡ್ ಲಾಕ್ ಮಾಡಿ, ಆಮೇಲೆ ಮುಂದೆ ಓದಿ. ಕ್ರೆಡಿಟ್ ಕಾರ್ಡಿನಲ್ಲಿ ಮೋಸವಾದರೆ ಸಿಕ್ಕಿಹಾಕಿಕೊಳ್ಳುವುದು ಬ್ಯಾಂಕಿನ ದುಡ್ಡು. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನೀವು ಒಂದನೇ ತಾರೀಕಿನ ಬಾಡಿಗೆಗೆ ಅಂತ ಇಟ್ಟ ದುಡ್ಡು. ವಾಪಸ್ ಬರುತ್ತದೆ, ಆದರೆ ಬರುವ ತನಕ ಕೈ ಖಾಲಿ.

ನಮ್ಮ ಕಡೆಯಿಂದ ಬರುವವರ ಹತ್ತಿರ ಸಾಮಾನ್ಯವಾಗಿ ಎರಡು ಡೆಬಿಟ್ ಕಾರ್ಡ್ ಇರುತ್ತವೆ. ಒಂದು ಇಲ್ಲಿಯ ಬ್ಯಾಂಕಿನದು. ಇನ್ನೊಂದು ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಇರುವ ಶಾಖೆಯದು. ಎರಡಕ್ಕೂ ಕಾನೂನು ಬೇರೆ, ಗಡುವು ಬೇರೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಲಾಕ್ ಮಾಡಿದ ಮೇಲೆ ಆ ಖರ್ಚು ನಿಜಕ್ಕೂ ಮೋಸವೇ ಅಂತ ಐದು ನಿಮಿಷ ನೋಡಿ. ಪೆಟ್ರೋಲ್ ಹಾಕುವಲ್ಲಿ, ಇಲ್ಲಿಯವರು ಗ್ಯಾಸ್ ಸ್ಟೇಷನ್ ಅನ್ನುತ್ತಾರೆ, 30 ಡಾಲರ್ ಹಾಕಿಸಿದರೂ 100 ಡಾಲರಿಗಿಂತ ಹೆಚ್ಚು ತೋರಿಸಬಹುದು. ಅದು ತಾತ್ಕಾಲಿಕ ಹೋಲ್ಡ್, ತಾನಾಗಿ ಇಳಿಯುತ್ತದೆ. ಹೋಟೆಲುಗಳೂ ಹೀಗೇ ಮಾಡುತ್ತವೆ. ಅಂಗಡಿಯ ಬೋರ್ಡಿನಲ್ಲಿ ಒಂದು ಹೆಸರು, ಸ್ಟೇಟ್‌ಮೆಂಟಿನಲ್ಲಿ ಮಾಲೀಕ ಕಂಪನಿಯ ಇನ್ನೊಂದು ಹೆಸರು ಇರುವುದೂ ಉಂಟು. 'ಫ್ರೀ ಟ್ರಯಲ್' ಅಂತ ಕಾರ್ಡ್ ನಂಬರ್ ಕೊಟ್ಟು ಮರೆತಿದ್ದರೆ ಅದು ಕಳ್ಳತನವಲ್ಲ, ವ್ಯಾಪಾರದ ತಕರಾರು. ಆ ದೂರು ಬೇರೆ ದಾರಿಯಲ್ಲಿ ಹೋಗುತ್ತದೆ. ಆದರೆ ಕೇಳರಿಯದ ಹೆಸರಿನಲ್ಲಿ ಒಂದು ಡಾಲರೋ ಎರಡು ಡಾಲರೋ ಹೋಗಿದ್ದರೆ ಚಿಲ್ಲರೆ ಅಂತ ಬಿಡಬೇಡಿ. ತೋಟಕ್ಕೆ ನುಗ್ಗುವ ಮುಂಚೆ ಬೇಲಿ ಅಲ್ಲಾಡಿಸಿ ನೋಡಿದ ಹಾಗೆ, ಕಾರ್ಡ್ ನಡೆಯುತ್ತದೆಯೇ ಅಂತ ಪರೀಕ್ಷೆ ಮಾಡುವುದು ಅದು. ದೊಡ್ಡ ಮೊತ್ತ ಹಿಂದೆಯೇ ಬರುತ್ತದೆ.

ಇನ್ನು ಫೋನ್. ಕಾರ್ಡಿನ ಹಿಂಭಾಗದಲ್ಲಿರುವ ನಂಬರಿಗೇ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ನಂಬರ್ ಬೇಡ, ಎಸ್‌ಎಂಎಸ್‌ನಲ್ಲಿ ಬಂದ ನಂಬರ್ ಮೊದಲೇ ಬೇಡ. ಹೇಳಬೇಕಾದ ಮಾತು ಚಿಕ್ಕದು: ಈ ವ್ಯವಹಾರಗಳು 'ಅನ್‌ಆಥರೈಸ್ಡ್', ನಾನು ಮಾಡಿದ್ದಲ್ಲ, ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ತಾರೀಕು, ಮೊತ್ತ, ಸ್ಟೇಟ್‌ಮೆಂಟಿನಲ್ಲಿರುವ ಹೆಸರು ಒಂದೊಂದಾಗಿ ಓದಿ ಹೇಳಿ. ಕ್ಲೇಮ್ ನಂಬರ್ ಬರೆದುಕೊಳ್ಳಿ. ಕಾರ್ಡ್ ಕೈಯಲ್ಲೇ ಇದೆಯೋ ಕಳೆದಿದೆಯೋ ಅನ್ನುವುದನ್ನು ಸ್ಪಷ್ಟವಾಗಿ ತಿಳಿಸಿ, ಏಕೆಂದರೆ ಹೊಣೆಯ ಲೆಕ್ಕ ಅದರ ಮೇಲೆ ನಿಂತಿದೆ. 'ಪೆಂಡಿಂಗ್' ಅಂತಿರುವ ಖರ್ಚಿಗೆ ಎಷ್ಟೋ ಬ್ಯಾಂಕುಗಳು ಕ್ಲೇಮ್ ತೆಗೆದುಕೊಳ್ಳುವುದಿಲ್ಲ, 'ಪೋಸ್ಟ್' ಆಗಲಿ, ಅಂದರೆ ಖಾತೆಯಿಂದ ಪಕ್ಕಾ ಕಡಿತವಾಗಲಿ, ಅನ್ನುತ್ತವೆ. ಹಾಗಂದರೂ ಹಳೆ ಕಾರ್ಡ್ ರದ್ದು ಮಾಡಿ ಹೊಸದು ಕಳಿಸಲು ಅವತ್ತೇ ಹೇಳಿ. ಬರೀ ಲಾಕ್ ಸಾಲದು. ಪ್ರತಿ ತಿಂಗಳು ಕಡಿತವಾಗುವ ಖರ್ಚನ್ನು ಅದು ತಡೆಯದೇ ಇರಬಹುದು.

ಇಲ್ಲಿಯ ಕಾನೂನು 1978ರದು, ಅದರ ನಿಯಮಾವಳಿಗೆ 'ರೆಗ್ಯುಲೇಷನ್ ಇ' ಅನ್ನುತ್ತಾರೆ. ಕಾರ್ಡ್ ಕಳೆದದ್ದು ಗೊತ್ತಾದ 2 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಹೆಚ್ಚೆಂದರೆ 50 ಡಾಲರ್. ತಡವಾದರೆ 500ರ ತನಕ. ಕಾರ್ಡ್ ಕೈಯಲ್ಲೇ ಇದ್ದು ನಂಬರ್ ಮಾತ್ರ ಕದ್ದಿದ್ದರೆ, ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ತಿಳಿಸಿದವರಿಗೆ ಹೊಣೆಯೇ ಇಲ್ಲ. ಆ 60 ದಿನ ದಾಟಿದ ಮೇಲೂ ಕಳ್ಳ ಎಳೆಯುತ್ತಲೇ ಇದ್ದರೆ, ಅಲ್ಲಿಂದ ಮುಂದಿನದಕ್ಕೆ ಮಿತಿಯೇ ಇಲ್ಲ, ಪೂರ್ತಿ ನಿಮ್ಮ ತಲೆಗೆ. ತಿಂಗಳಿಗೊಮ್ಮೆಯಾದರೂ ಸ್ಟೇಟ್‌ಮೆಂಟ್ ಸಾಲು ಸಾಲು ಓದಿ ಅನ್ನುವುದು ಇದಕ್ಕೇ.

ಬ್ಯಾಂಕ್ 10 ಕೆಲಸದ ದಿನದಲ್ಲಿ ವಿಚಾರಣೆ ಮುಗಿಸಬೇಕು. ಆಗದಿದ್ದರೆ ಅಷ್ಟರೊಳಗೆ ತಾತ್ಕಾಲಿಕವಾಗಿ ಹಣ ಹಾಕಿ, ಒಟ್ಟು 45 ದಿನದ ತನಕ ಸಮಯ ತೆಗೆದುಕೊಳ್ಳಬಹುದು. ಅಂಗಡಿಯಲ್ಲಿ ಕಾರ್ಡ್ ಬಳಸಿದ ವ್ಯವಹಾರಕ್ಕೆ, ಹೊರದೇಶದಲ್ಲಿ ನಡೆದದ್ದಕ್ಕೆ 90 ದಿನ. ಹೊಸಬರು ಗಮನಿಸಿ: ಅಕೌಂಟಿಗೆ ಮೊದಲ ಸಲ ಹಣ ಹಾಕಿ 30 ದಿನ ಆಗಿಲ್ಲದಿದ್ದರೆ ಆ 10 ದಿನ 20 ಆಗುತ್ತದೆ. ಬಂದ ತಿಂಗಳಲ್ಲೇ ಹೀಗಾದರೆ ಬಾಡಿಗೆಗೆ ಬೇರೆ ದಾರಿ ನೋಡಿಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ಬರೆದು ಕೊಡಿ ಅಂತ ಬ್ಯಾಂಕ್ ಕೇಳಿದರೆ 10 ಕೆಲಸದ ದಿನದೊಳಗೆ ಕೊಟ್ಟುಬಿಡಿ. ಕೊಡದಿದ್ದರೆ ತಾತ್ಕಾಲಿಕ ಹಣ ಹಾಕದೇ ಇರಲು ಅವರಿಗೆ ಅವಕಾಶ ಸಿಗುತ್ತದೆ. 'ಮೊದಲು ಅಂಗಡಿಯವರನ್ನು ಕೇಳಿ', 'ಪೊಲೀಸ್ ದೂರು ತನ್ನಿ, ಆಮೇಲೆ ನೋಡೋಣ' ಅಂದರೆ ಒಪ್ಪಬೇಡಿ, ವಿಚಾರಣೆ ಶುರುಮಾಡಲು ಅಂಥ ಷರತ್ತು ಹಾಕುವಂತಿಲ್ಲ. ಬ್ಯಾಂಕ್ ಸತಾಯಿಸಿದರೆ ಗ್ರಾಹಕರ ಹಣಕಾಸಿನ ದೂರು ನೋಡುವ ಸಿಎಫ್‌ಪಿಬಿ (CFPB) ಎಂಬ ಇಲ್ಲಿಯ ಕೇಂದ್ರ ಸಂಸ್ಥೆಗೆ ಆನ್‌ಲೈನಿನಲ್ಲಿ ದೂರು ಕೊಡಿ.

ಕ್ಲೇಮ್ ಬಿದ್ದುಹೋಗುವ ಸಂದರ್ಭಗಳೂ ಇವೆ. ರೂಮ್‌ಮೇಟ್‌ಗೆ ಕಾರ್ಡೂ ಪಿನ್ನೂ ಕೊಟ್ಟು ಸಾಮಾನು ತರಿಸಿದ್ದರೆ, ಆಮೇಲೆ ಅವನು ಎಷ್ಟೇ ಬಳಸಿದರೂ, ನೀವು ಬ್ಯಾಂಕಿಗೆ ತಿಳಿಸುವ ತನಕ ಅದು ನಿಮ್ಮ ಒಪ್ಪಿಗೆಯ ಖರ್ಚೇ. ಬಾಡಿಗೆ ಮನೆಯ ಅಡ್ವಾನ್ಸ್ ಅಂತ ಅಪರಿಚಿತನಿಗೆ ನೀವೇ ಝೆಲ್‌ನಲ್ಲಿ (ಇಲ್ಲಿಯ ಬ್ಯಾಂಕುಗಳಲ್ಲಿ ಫೋನಿನಿಂದ ಹಣ ಕಳಿಸುವ ವ್ಯವಸ್ಥೆ) ಕಳಿಸಿದ್ದಕ್ಕೂ ಈ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ.

ಹೊಸ ಕಾರ್ಡ್ ಬಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಹೊಸ ನಂಬರನ್ನು ಮಾರಾಟಗಾರರಿಗೆ ತಾನಾಗಿ ತಲುಪಿಸುವ ವ್ಯವಸ್ಥೆ ಇದೆ. ಅದರಿಂದ ಬೇಡದ ಚಂದಾ ಹೊಸ ಕಾರ್ಡಿಗೂ ಅಂಟಿಕೊಂಡು ಬರಬಹುದು. ಅದನ್ನು ನಿಲ್ಲಿಸಿ ಅಂತ ಬ್ಯಾಂಕಿಗೆ ಬೇರೆಯಾಗಿ ಹೇಳಬೇಕು. ಖಾತೆಯಲ್ಲಿ ಹಣ ಸಾಲದೆ ಓವರ್‌ಡ್ರಾಫ್ಟ್ ದಂಡ ಬಿದ್ದಿದ್ದರೆ ಅದನ್ನೂ ವಾಪಸ್ ಕೇಳಿ.

ಈಗ ಊರಿನ ಕಾರ್ಡ್. ಭಾರತದಲ್ಲಿ ಓಟಿಪಿ ಇಲ್ಲದೆ ಆನ್‌ಲೈನ್ ಖರೀದಿ ಆಗುವುದಿಲ್ಲ ಅಂತ ನಾವು ನಿಶ್ಚಿಂತೆಯಿಂದ ಇರುತ್ತೇವೆ. ಹೊರದೇಶದ ಎಷ್ಟೋ ವೆಬ್‌ಸೈಟುಗಳು ಓಟಿಪಿ ಕೇಳುವುದೇ ಇಲ್ಲ. ಹಾಗಾಗಿ ಬ್ಯಾಂಕ್ ಆ್ಯಪ್‌ನಲ್ಲಿ 'ಇಂಟರ್‌ನ್ಯಾಷನಲ್' ಬಳಕೆಯನ್ನು ಆಫ್ ಮಾಡಿಟ್ಟು, ಬೇಕಾದಾಗ ಮಾತ್ರ ಆನ್ ಮಾಡಿ.

ಆರ್‌ಬಿಐನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದಿದ್ದಾಗ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ಹೊಣೆ ಸೊನ್ನೆ. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ. ಆಮೇಲೆ ಆಯಾ ಬ್ಯಾಂಕಿನ ನೀತಿ. ಇಲ್ಲಿಯ 60 ದಿನದ ಲೆಕ್ಕ ಅಲ್ಲಿ ನಡೆಯದು. ದಿನ ಎಣಿಸುವುದು ನಿಮ್ಮ ಮೂಲ ಶಾಖೆಯ ಕೆಲಸದ ದಿನಗಳಂತೆ, ಸಂದೇಶ ಬಂದ ದಿನ ಬಿಟ್ಟು. ಎರಡನೇ, ನಾಲ್ಕನೇ ಶನಿವಾರ ರಜೆ ಅನ್ನುವುದು ನೆನಪಿರಲಿ. ಓಟಿಪಿಯನ್ನು ನೀವೇ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಪೂರ್ತಿ ನಿಮ್ಮದು.

ಸಂದೇಶ ಹೋಗುವುದೆಲ್ಲಿಗೆ ಅನ್ನುವುದೇ ನಮ್ಮವರ ದೊಡ್ಡ ತೊಂದರೆ. ಖಾತೆಗೆ ಅಪ್ಪನ ಮೊಬೈಲ್ ನಂಬರ್ ಕೊಟ್ಟಿರುತ್ತೀರಿ. ಅವರು ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ತೋಟದ ಮನೆಯಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ನಿಮ್ಮ ಇಮೇಲನ್ನೂ ಖಾತೆಗೆ ಸೇರಿಸಿ, ಅಲರ್ಟ್ ಅಲ್ಲಿಗೂ ಬರಲಿ. ಬ್ಯಾಂಕಿನವರು ಅಂತ ಯಾರೇ ಫೋನ್ ಮಾಡಿ ಓಟಿಪಿಯನ್ನೋ ಕಾರ್ಡ್ ನಂಬರನ್ನೋ ಕೇಳಿದರೂ ಹೇಳಬೇಡಿ ಅಂತ ಅಪ್ಪ ಅಮ್ಮನಿಗೆ ಒಂದಲ್ಲ ನಾಲ್ಕು ಸಲ ಹೇಳಿ.

1800ರ ಉಚಿತ ನಂಬರುಗಳಿಗೆ ಅಮೆರಿಕದಿಂದ ಕರೆ ಸಾಮಾನ್ಯವಾಗಿ ಹೋಗುವುದಿಲ್ಲ. +91ರಿಂದ ಶುರುವಾಗುವ ನಂಬರನ್ನು ಬ್ಯಾಂಕಿನ ವೆಬ್‌ಸೈಟಿನಿಂದ ಈಗಲೇ ಬರೆದಿಡಿ. ಹಳೆ ಪಾಸ್‌ಬುಕ್ ನೋಡಿ ಬರೆದುಕೊಳ್ಳಬೇಡಿ: ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಸೇರಿಹೋಗಿವೆ. ಮ್ಯಾನೇಜರ್ ಪರಿಚಯದವರೇ ಅಂತ ಹಾಸನದಲ್ಲಿ ಬಾಗಿಲು ತೆಗೆಯುವ ತನಕ ಕಾಯುವುದೂ ಬೇಡ. ಅಲ್ಲಿ ಬೆಳಿಗ್ಗೆ ಹತ್ತು ಅಂದರೆ ನ್ಯೂಯಾರ್ಕಿನಲ್ಲಿ ಬೇಸಿಗೆಯಲ್ಲಿ ರಾತ್ರಿ ಹನ್ನೆರಡೂವರೆ. ಸಹಾಯವಾಣಿಗೆ ಹೇಳಿ, ಅದೇ ವಿಷಯ ಇಮೇಲೂ ಮಾಡಿ, ತಿಳಿಸಿದ ಹೊತ್ತಿಗೆ ಅದೇ ಸಾಕ್ಷಿ. ಊರಲ್ಲಿರುವವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಲಿ. ಬೇಕಾದರೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಲಿ. ನೀವು ಬ್ಯಾಂಕಿಗೆ ತಿಳಿಸಿದ 10 ಕೆಲಸದ ದಿನದೊಳಗೆ ಅದು ಆ ಹಣವನ್ನು ಖಾತೆಗೆ ಹಾಕಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. 30 ದಿನವಾದರೂ ಬ್ಯಾಂಕಿನಿಂದ ಉತ್ತರವೇ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.