ನಿಮ್ಮೂರಿನ ರಾಜಕಾರಣಿಯ ಬದುಕು ಬರೆಯುವುದು ಹೇಗೆ? ಡಿಟಿಪಿ ಅಂಗಡಿಯವನ ಸಲಹೆ

ಕಲಬುರಗಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಕರಪತ್ರ ಎಲ್ಲ ಮಾಡುತ್ತೇನೆ. ಚುನಾವಣೆ ಹತ್ತಿರ ಬಂದಾಗ, ಇಲ್ಲವೇ ಯಾವುದಾದರೂ ನಾಯಕರಿಗೆ ಎಪ್ಪತ್ತೈದು ತುಂಬಿದಾಗ ಇನ್ನೊಂದು ಕೆಲಸ ಬರುತ್ತದೆ. ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ. ಹುಡುಗರು ಕೈಬರಹದ ಹಾಳೆ ತಂದು ಕೊಡುತ್ತಾರೆ. ‘ಬಡವರ ಬಂಧು’, ‘ಅಭಿವೃದ್ಧಿಯ ಹರಿಕಾರ’, ‘ಸರಳ ಸಜ್ಜನ’. ಹಿಂದಿನ ಫೈಲು ತೆಗೆದು ಹೆಸರು ಮಾತ್ರ ಬದಲಿಸಿ ಕೊಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ನಿಜವಾಗಿ ಬರೆಯಬೇಕು ಅನ್ನುವವರಿಗೆ ನಾನು ಅಂಗಡಿಯಲ್ಲಿ ಕೂರಿಸಿಕೊಂಡು ಹೇಳುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಾಕ್ಯವನ್ನೂ ಬರೆಯಬೇಡಿ. ಚುನಾವಣೆಗಳ ಪಟ್ಟಿ ಹಾಕಿ. ವರ್ಷ, ಕ್ಷೇತ್ರ, ಪಕ್ಷ, ಗೆಲುವೋ ಸೋಲೋ, ಎದುರಾಳಿ ಯಾರು, ಅಂತರ ಎಷ್ಟು. ಚುನಾವಣಾ ಆಯೋಗದ ಜಾಲತಾಣದಲ್ಲಿ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಹಿಡಿದು ಎಲ್ಲದರ ಅಂಕಿಅಂಶ ವರದಿ ಸಿಗುತ್ತದೆ. ಆದರೆ ಉಪಚುನಾವಣೆಗಳು ಆ ವರದಿಗಳಲ್ಲಿ ಇರುವುದಿಲ್ಲ. ಅದಕ್ಕೆ ಹಳೆಯ ಪತ್ರಿಕೆಗಳನ್ನೂ ನೋಡಿ. ಪಟ್ಟಿ ತಯಾರಾದ ಮೇಲೆ ಎಲ್ಲಿ ಖಾಲಿ ಇದೆ, ಎಲ್ಲಿ ಕ್ಷೇತ್ರ ಬದಲಾಗಿದೆ, ಎಲ್ಲಿ ಪಕ್ಷ ಬದಲಾಗಿದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ನೀವು ಬರೆಯಬೇಕಾದ ಬದುಕು ಇರುವುದು ಆ ಗುರುತುಗಳಲ್ಲೇ.

ನೆಲೋಗಿಯ ಎನ್. ಧರ್ಮಸಿಂಗ್ ಅವರನ್ನೇ ನೋಡಿ. ‘ಜೇವರ್ಗಿಯಿಂದ ಸತತ ಏಳು ಸಲ ಶಾಸಕರು, 2004ರಿಂದ 2006ರವರೆಗೆ ಮುಖ್ಯಮಂತ್ರಿ’ ಅಂತ ಒಂದೇ ಸಾಲಿನಲ್ಲಿ ಮುಗಿಸುವವರೇ ಜಾಸ್ತಿ. ಪಟ್ಟಿ ಹಾಕಿದರೆ 1978, 1983, 1985, 1989, 1994, 1999, 2004, ಎಲ್ಲವೂ ಜೇವರ್ಗಿ. ನಡುವೆ 1980ರಲ್ಲಿ ಗುಲ್ಬರ್ಗ ಲೋಕಸಭೆಯ ಗೆಲುವು ಇಣುಕುತ್ತದೆ. ಗೆದ್ದವರು ಸಂಸದರಾಗಿ ಉಳಿಯಲಿಲ್ಲ ಯಾಕೆ? ಆ ಚುನಾವಣೆಯಲ್ಲಿ ನವದೆಹಲಿಯಲ್ಲಿ ವಾಜಪೇಯಿ ಅವರೆದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್ ಅವರನ್ನು ಕಾಂಗ್ರೆಸ್ ಲೋಕಸಭೆಗೆ ತರಬೇಕಿತ್ತು. ಧರ್ಮಸಿಂಗ್ ಸ್ಥಾನ ಬಿಟ್ಟುಕೊಟ್ಟರು. ಸ್ಟೀಫನ್ ಉಪಚುನಾವಣೆಯಲ್ಲಿ ಗೆದ್ದು ಗುಲ್ಬರ್ಗದ ಸಂಸದರಾದರು. ಒಬ್ಬ ಮನುಷ್ಯ ತನ್ನ ಪಕ್ಷದೊಳಗೆ ಹೇಗಿದ್ದ ಅಂತ ತಿಳಿಯಲು ಇದೊಂದು ಘಟನೆ ಸಾಕು. ಆದರೂ ಸಂಚಿಕೆಗಳಲ್ಲಿ ಇದಕ್ಕೆ ಜಾಗ ಇಲ್ಲ. ಹಾರ ಹಾಕಿದ ಫೋಟೋಗೆ ಮಾತ್ರ ನಾಲ್ಕು ಪುಟ.

ಪಟ್ಟಿಯಲ್ಲಿ ಕೆಳಗೆ ಬನ್ನಿ. 2008ರಲ್ಲಿ ಜೇವರ್ಗಿಯಲ್ಲೇ ಸೋಲು, ಅದೂ ನೂರಕ್ಕೂ ಕಡಿಮೆ ಮತದಿಂದ. 2009ರಲ್ಲಿ ಬೀದರ್ ಲೋಕಸಭೆಯ ಗೆಲುವು. 2014ರಲ್ಲಿ ಅಲ್ಲೇ ಭಗವಂತ ಖೂಬಾ ಅವರೆದುರು ಸೋಲು. ಜೇವರ್ಗಿಯವರು ಬೀದರಿಗೆ ಯಾಕೆ ಹೋದರು? ಉತ್ತರ ಬೇಕಾದರೆ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟುಕೊಳ್ಳಿ, ಮಲ್ಲಿಕಾರ್ಜುನ ಖರ್ಗೆ ಅವರದು. 1972ರಿಂದ 2004ರವರೆಗೆ ಗುರುಮಠಕಲ್, ಎಂಟು ಗೆಲುವು. 2008ರಲ್ಲಿ ಮಾತ್ರ ಚಿತ್ತಾಪುರ. 2009ರಲ್ಲಿ ಗುಲ್ಬರ್ಗ ಲೋಕಸಭೆ. ಇಬ್ಬರು ಹಳೆಯ ಗೆಳೆಯರೂ ಒಂದೇ ಹೊತ್ತಿನಲ್ಲಿ ಜಾಗ ಬದಲಿಸಿದ್ದಾರೆ. ಕಾರಣ ಕ್ಷೇತ್ರ ಮರುವಿಂಗಡಣೆ, ಅಂದರೆ ಕ್ಷೇತ್ರಗಳ ಗಡಿ, ಮೀಸಲಾತಿ ಹೊಸದಾಗಿ ಗೊತ್ತುಮಾಡಿದ್ದು. ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು, ಚಿತ್ತಾಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಲೋಕಸಭೆಯಲ್ಲೂ ಹಾಗೆಯೇ. ಅಲ್ಲಿಯವರೆಗೆ ಮೀಸಲಾಗಿದ್ದ ಬೀದರ್ ಸಾಮಾನ್ಯವಾಯಿತು, ಗುಲ್ಬರ್ಗ ಮೀಸಲಾಯಿತು. ಬೀದರಿನಲ್ಲಿ 1991ರಿಂದ ಐದು ಸಲ ಬೆನ್ನುಬೆನ್ನಿಗೆ ಗೆದ್ದ ರಾಮಚಂದ್ರ ವೀರಪ್ಪ ಅವರದು ಆ ಹಳೆಯ ಮೀಸಲು ಕ್ಷೇತ್ರ.

ಹಾಗಾಗಿ ನಮ್ಮ ಭಾಗದ ಯಾರ ಬಗ್ಗೆ ಬರೆದರೂ 2008ಕ್ಕೆ ಮುಂಚಿನ ನಕ್ಷೆ, ಆಮೇಲಿನ ನಕ್ಷೆ ಎರಡನ್ನೂ ಎದುರಿಗಿಟ್ಟುಕೊಳ್ಳಿ. ಶಹಾಬಾದ್, ಕಮಲಾಪುರ, ಬೀದರ್ ಜಿಲ್ಲೆಯ ಹುಲಸೂರು, ಈ ಕ್ಷೇತ್ರಗಳು ಈಗ ಇಲ್ಲವೇ ಇಲ್ಲ. ಗುಲ್ಬರ್ಗ ನಗರ ಉತ್ತರ, ದಕ್ಷಿಣ ಅಂತ ಎರಡಾಯಿತು. ‘ಕ್ಷೇತ್ರ ಬಿಟ್ಟು ಓಡಿದರು’ ಅಂತ ಬರೆಯುವ ಮುಂಚೆ ಕ್ಷೇತ್ರವೇ ಅವರನ್ನು ಬಿಟ್ಟಿತೋ ಅಂತ ನೋಡಬೇಕಲ್ವಾ?

ಸೋಲುಗಳನ್ನು ಬಿಡಬೇಡಿ. ಮನೆಯವರು ‘ಅದು ಬ್ಯಾಡ್ರಿ, ಗೆದ್ದದ್ದಷ್ಟೇ ಹಾಕ್ರಿ’ ಅನ್ನುತ್ತಾರೆ. ಒಪ್ಪಬೇಡಿ. ಚಿಂಚೋಳಿಯ ವೀರೇಂದ್ರ ಪಾಟೀಲರು 1968ರಲ್ಲಿ ನಿಜಲಿಂಗಪ್ಪನವರ ನಂತರ ಮುಖ್ಯಮಂತ್ರಿಯಾದರು, 1971ರವರೆಗೆ ಇದ್ದರು. ಮತ್ತೆ ಆ ಕುರ್ಚಿ ಸಿಕ್ಕಿದ್ದು 1989ರಲ್ಲಿ. ನಡುವಿನ ಹದಿನೆಂಟು ವರ್ಷ ಏನು ಮಾಡಿದರು? 1978ರಲ್ಲಿ ಜನತಾ ಪಕ್ಷದಿಂದ ಚಿಕ್ಕಮಗಳೂರಿಗೆ ಹೋಗಿ, ಲೋಕಸಭೆ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತರು. ಅಂತರ ಎಪ್ಪತ್ತೇಳು ಸಾವಿರದ ಮೇಲೆ. 1980ರಲ್ಲಿ ಅದೇ ಇಂದಿರಾ ಅವರ ಕಾಂಗ್ರೆಸ್ಸಿನಿಂದ ಬಾಗಲಕೋಟೆಯಲ್ಲಿ ಗೆದ್ದರು. 1978 ತೆಗೆದುಬಿಟ್ಟರೆ 1980 ಅರ್ಥವಾಗುವುದಿಲ್ಲ. ಎರಡನೇ ಸಲ ಮುಖ್ಯಮಂತ್ರಿಯಾಗಿದ್ದು ಒಂದು ವರ್ಷವೂ ತುಂಬಲಿಲ್ಲ. 1990ರ ಅಕ್ಟೋಬರಿನಲ್ಲಿ ಇಳಿಯಬೇಕಾಯಿತು. ಅದನ್ನೂ ಬರೆಯಿರಿ. ಓದುವವರು ಪುಟ ಮಡಚಿಟ್ಟುಕೊಳ್ಳುವುದು ಇಂಥ ಕಡೆ.

ಹಳಬರ ಬಗ್ಗೆ ಬರೆಯುವಾಗ ಬೀದರ್, ಗುಲ್ಬರ್ಗ, ರಾಯಚೂರು ಅನ್ನುವ ನಮ್ಮ ಹಳೆಯ ಮೂರು ಜಿಲ್ಲೆಗಳಿಗೆ ಬೇರೆಯದೇ ತಾಪತ್ರಯ ಇದೆ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. 1952ರಲ್ಲಿ ಇಲ್ಲಿಂದ ಗೆದ್ದ ಶಾಸಕರು ಕೂತದ್ದು ಹೈದರಾಬಾದಿನ ವಿಧಾನಸಭೆಯಲ್ಲಿ, ಬೆಂಗಳೂರಿನಲ್ಲಲ್ಲ. ಶಾಲೆಯ ದಾಖಲೆ, ಜಮೀನಿನ ಕಾಗದ ಉರ್ದುವಿನಲ್ಲಿರುತ್ತವೆ, ಇಸವಿ ಫಸಲಿಯಲ್ಲಿ, ಅಂದರೆ ಹಳೆಯ ಕಂದಾಯದ ವರ್ಷದ ಲೆಕ್ಕದಲ್ಲಿ ಇರುತ್ತದೆ. ಹೈದರಾಬಾದ್ ಫಸಲಿ ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ, ಆಜರ್ ತಿಂಗಳಿಂದ. 1350 ಫಸಲಿ ಅಂದರೆ 1940-41. ಹಾಗಾಗಿ ಅಕ್ಟೋಬರಿನಿಂದ ಡಿಸೆಂಬರ್ ನಡುವಿನ ದಿನವಾದರೆ 590 ಕೂಡಿಸಿ, ಜನವರಿ ಆಮೇಲಿನದಾದರೆ 591. ಉರ್ದು ಓದಲು ಬಾರದಿದ್ದರೆ ಹಳೆಯ ದಸ್ತಾವೇಜು ಓದಿಕೊಡುವ ಹಿರಿಯರು ಊರಲ್ಲಿ ಇನ್ನೂ ಇದ್ದಾರೆ. ಹೋಗಿ ‘ಚಾಚಾ, ಇದೊಂದು ನೋಡ್ರಿ’ ಅಂದರೆ ಕನ್ನಡಕ ಹುಡುಕತೊಡಗುತ್ತಾರೆ.

ಹುಟ್ಟಿದ ದಿನ ಜೂನ್ 1 ಅಂತ ಇದ್ದರೆ ಸುಮ್ನೆ ನಂಬಬೇಡಿ. ಶಾಲೆಗೆ ಸೇರಿಸಿಕೊಂಡ ಮಾಸ್ತರರು ಹಾಕಿದ ತಾರೀಖು ಅದು. ‘ಶಾಲಾ ದಾಖಲೆಯ ಪ್ರಕಾರ’ ಅಂತ ಸೇರಿಸಿ ಮುಂದೆ ಹೋಗಿ.

ಇನ್ನು ನನಗೆ ಬಹಳ ಇಷ್ಟವಾದ ದಾಖಲೆ ಹೇಳುತ್ತೇನೆ. ಕಲ್ಲು. ಸಮುದಾಯ ಭವನ, ಶಾಲೆಯ ಕೋಣೆ, ನೀರಿನ ಟ್ಯಾಂಕು, ಸೇತುವೆ, ಎಲ್ಲೆಲ್ಲೂ ಶಂಕುಸ್ಥಾಪನೆಯ ಕಲ್ಲು, ಉದ್ಘಾಟನೆಯ ಕಲ್ಲು ಇರುತ್ತವೆ. ತಾರೀಖು, ಯೋಜನೆ, ಕೆಲವೊಮ್ಮೆ ಮೊತ್ತ, ಅಂದಿನ ಮಂತ್ರಿ, ಸಂಸದ, ಶಾಸಕ, ಜಿಲ್ಲಾ ಪಂಚಾಯಿತಿ ಅಧ್ಯಕ್ಷರ ಹೆಸರು ಸಾಲಾಗಿ. ಶಿಷ್ಟಾಚಾರದ ಪ್ರಕಾರ ‘ಅಧ್ಯಕ್ಷತೆ’ ಅಂತ ಇರುವ ಕಡೆ ಸಾಮಾನ್ಯವಾಗಿ ಸ್ಥಳೀಯ ಶಾಸಕರ ಹೆಸರು. ಬೈಕ್ ತಗೊಂಡು ಕ್ಷೇತ್ರದ ಹಳ್ಳಿಗಳನ್ನು ಸುತ್ತಿ, ಕಲ್ಲುಗಳ ಫೋಟೋ ತೆಗೆಯಿರಿ. ಸುಣ್ಣ ಬಳಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಳಿಗ್ಗೆ ಓರೆ ಬಿಸಿಲಿನಲ್ಲಿ ತೆಗೆದರೆ ಅಕ್ಷರ ಎದ್ದು ಕಾಣುತ್ತವೆ. ಒಂದೇ ಕಾಮಗಾರಿಯ ಎರಡು ಕಲ್ಲು ಸಿಕ್ಕರೆ ಹಬ್ಬ. ಅಡಿಗಲ್ಲು ಒಬ್ಬರು ಇಟ್ಟಿರುತ್ತಾರೆ, ರಿಬ್ಬನ್ ಇನ್ನೊಬ್ಬರು ಕತ್ತರಿಸಿರುತ್ತಾರೆ. ಯಾರ ಸಂಚಿಕೆಯಲ್ಲಿ ಆ ಸೇತುವೆ ಇದೆ ಅಂತ ಆಮೇಲೆ ನೋಡಿ. ಎರಡರಲ್ಲೂ ಇರುತ್ತದೆ!

ಮಾತಾಡಿಸುವಾಗ ಆಪ್ತ ಸಹಾಯಕರಿಂದ ಶುರುಮಾಡಬೇಡಿ. ಅವರ ಬಾಯಲ್ಲಿ ಬರುವುದು ಕರಪತ್ರ. ಜೀಪು ಓಡಿಸಿದವರು, ಬೂತಿನಲ್ಲಿ ಕೂತವರು, ಎದುರು ಪಕ್ಷದ ಹಳೆಯ ಕಾರ್ಯಕರ್ತರು, ಇವರನ್ನು ಹುಡುಕಿ. ‘ಸಾಹೇಬ್ರು ಹೆಂಗಿದ್ರು?’ ಅಂತ ಕೇಳಿದರೆ ‘ಭಾಳ ಚಲೋ ಇದ್ರು’ ಅನ್ನುತ್ತಾರೆ, ಮುಗೀತು. ‘ಮುತ್ಯಾ, ನೀವು ಯಾವ ಕೆಲ್ಸಕ್ಕ ಅವರ ಮನಿಗಿ ಹೋಗಿದ್ರಿ? ಆತೇನು?’ ಅಂತ ಕೇಳಿ. ಬೋರ್‌ವೆಲ್ಲು, ಮಗನ ವರ್ಗಾವಣೆ, ಪೊಲೀಸ್ ಠಾಣೆಯ ಜಗಳ, ಎಲ್ಲ ಹೊರಗೆ ಬರುತ್ತವೆ. ಆಗದೇ ಇದ್ದ ಕೆಲಸವೂ ಬರುತ್ತದೆ. ಹೇಳಿದ್ದನ್ನೆಲ್ಲ ಅಚ್ಚು ಹಾಕಬೇಕಿಲ್ಲ. ಯಾರ ಹೆಸರು ಹಾಕುತ್ತೀರೋ ಅವರನ್ನು ಕೇಳಿ ಹಾಕಿ, ಅಷ್ಟೇ.

ಸದನದಲ್ಲಿ ಏನು ಮಾತಾಡಿದರು ಅಂತ ತಿಳಿಯಲು ವಿಧಾನಸಭೆಯ ನಡಾವಳಿಗಳಿವೆ. ಓದಲು ತಾಳ್ಮೆ ಬೇಕು. ಎಲ್ಲ ಓದಲು ಆಗದಿದ್ದರೆ ಬಜೆಟ್ ಅಧಿವೇಶನದ ಸಂಪುಟಗಳ ಸೂಚಿಯಲ್ಲಿ ಹೆಸರು ಹುಡುಕಿ.

ಈಗಿನವರ ಬಗ್ಗೆ ಬರೆಯುತ್ತಿದ್ದರೆ ನಾಮಪತ್ರದ ಜೊತೆ ಕೊಟ್ಟ ಪ್ರಮಾಣಪತ್ರ (ಅಫಿಡವಿಟ್) ಬಿಡಬೇಡಿ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ, ಅಭ್ಯರ್ಥಿಗಳು ಆಸ್ತಿ, ಸಾಲ, ಓದು, ಕ್ರಿಮಿನಲ್ ಪ್ರಕರಣಗಳ ವಿವರ ಕೊಡಲೇಬೇಕು. ಒಂದೇ ಚುನಾವಣೆಯದ್ದು ನೋಡಿ ಪ್ರಯೋಜನ ಇಲ್ಲ. ಎರಡು ಮೂರು ಚುನಾವಣೆಯದ್ದು ಅಕ್ಕಪಕ್ಕ ಇಟ್ಟು ನೋಡಿ. ಪ್ರಕರಣ ಇದೆ ಅಂದರೆ ತಪ್ಪಿತಸ್ಥರು ಅಂತಲ್ಲ. ‘ಬಾಕಿ ಇದೆ’ ಅಂತಲೇ ಬರೆಯಿರಿ. ಮಕ್ಕಳ ವಿವರ ನಿಮಗೆ ಬೇಡ.

ಬರೆಯುವಾಗ ಹೆಸರುಗಳು ಕಾಲಕ್ಕೆ ತಕ್ಕಂತಿರಲಿ. 1973ರ ನವೆಂಬರ್‌ವರೆಗೆ ಮೈಸೂರು ರಾಜ್ಯ, 2014ರ ನವೆಂಬರ್‌ವರೆಗೆ ಗುಲ್ಬರ್ಗ. ವಿಧಾನ ಪರಿಷತ್ತಿನ ಸದಸ್ಯರನ್ನು ಬರೀ ‘ಶಾಸಕ’ ಅಂತ ಬರೆದು ಗೊಂದಲ ಮಾಡಬೇಡಿ. ಫೋಟೋ ವಾಟ್ಸಾಪಿನಲ್ಲಿ ಕಳಿಸಬೇಡಿ, ಪೆನ್‌ಡ್ರೈವಿನಲ್ಲಿ ಕೊಡಿ. ಫೋಟೋದಲ್ಲಿ ಎಡದಿಂದ ಬಲಕ್ಕೆ ಯಾರು ಯಾರು ಅಂತ ಈಗಲೇ ಬರೆಸಿಕೊಳ್ಳಿ, ಗುರುತು ಹಿಡಿಯುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅಚ್ಚಾದ ಮೇಲೆ ಎರಡು ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕೊಡಿ. ಒಳಪುಟದಲ್ಲಿ ಅಚ್ಚಾದ ವರ್ಷ ಹಾಕಿಸಿ. ಅದಿಲ್ಲದ ಸಂಚಿಕೆಗಳೇ ನನ್ನ ಕಪಾಟಿನಲ್ಲಿ ಜಾಸ್ತಿ.